1:16 ಎಸ್.ಇ.5ಎ: ತಂತಿ ಬಿಗಿದಂತೆಲ್ಲ ಮೇಲಿನ ರೆಕ್ಕೆ ತಿರುಚಿಕೊಳ್ಳುತ್ತಿದೆ, ದಾರಿ ಹೇಳಿ

ಕಡ್ಡಿಕಾಗದ

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಎಸ್.ಇ.5ಎ (ಮೇಲೊಂದು ಕೆಳಗೊಂದು ರೆಕ್ಕೆ ಇರುವ ಬೈಪ್ಲೇನ್) ಮಾದರಿಯನ್ನು 1:16 ಅಳತೆಯಲ್ಲಿ ಕಟ್ಟುತ್ತಿದ್ದೇನೆ. ಕಿಟ್ ಇಲ್ಲ. ನಕ್ಷೆ, ಹಳೆಯ ಫೋಟೋಗಳು, ಬಾಸ್‌ವುಡ್, ತೆಳು ಪ್ಲೈ, ಹಿತ್ತಾಳೆ ಕೊಳವೆ, ಇಷ್ಟರಲ್ಲೇ ಎಲ್ಲ ಆಗಬೇಕು ಅಂತ ಶುರು ಮಾಡಿದ್ದು. ಅಸಲಿ ವಿಮಾನದ ರೆಕ್ಕೆಯ ಹರವು 8.11 ಮೀಟರ್, ಅಂದರೆ ನನ್ನದು 507 ಮಿ.ಮೀ. ಬರುತ್ತದೆ. ಉದ್ದ 399.

ರೆಕ್ಕೆಗೆ ಉದ್ದಕ್ಕೂ ಎರಡು ಸ್ಪಾರ್ (ತೊಲೆ), ಅಡ್ಡಕ್ಕೆ 0.8 ಮಿ.ಮೀ. ಪ್ಲೈ ರಿಬ್‌ಗಳು (ಪಕ್ಕೆಲುಬು), ಮೇಲೆ ಟಿಶ್ಯೂ ಕಾಗದ, ಅದಕ್ಕೆ ಡೋಪ್ (ಬಳಿದರೆ ಒಣಗಿ ಬಿಗಿಯುವ ದ್ರವ). ಮೇಲಿನ ರೆಕ್ಕೆ ಕೂರಿಸುವವರೆಗೆ ಎಲ್ಲ ನೆಟ್ಟಗಿತ್ತು. ಆಮೇಲೆ ಎರಡು ರೆಕ್ಕೆಗಳ ನಡುವಿನ ತಂತಿ ಕಟ್ಟಲು ಶುರು ಮಾಡಿದೆ. ಬಲಗಡೆ ಮುಗಿಸಿ ಎದುರಿನಿಂದ ನೋಡಿದರೆ ಬಲ ತುದಿಯ ಹಿಂದಿನ ಅಂಚು ಎಡಕ್ಕಿಂತ 3 ಮಿ.ಮೀ. ಮೇಲೆದ್ದಿದೆ. ಬಿಗಿದಷ್ಟೂ ಹೆಚ್ಚಾಗುತ್ತಿದೆ, ಸಡಿಲ ಬಿಟ್ಟರೆ ತಂತಿ ಜೋತು ಬೀಳುತ್ತದೆ.

ಎರಡು ಪ್ರಶ್ನೆ. ತಂತಿಯನ್ನು ನಿಜವಾಗಿ ಬಿಗಿಯಬೇಕಾ, ಇಲ್ಲ ಸುಮ್ಮನೆ ನೋಟಕ್ಕೆ ಅಂಟಿಸಬೇಕಾ? ಈಗ ಆಗಿರುವ ತಿರುಚನ್ನು ರೆಕ್ಕೆ ಬಿಚ್ಚದೆ ಸರಿ ಮಾಡಬಹುದಾ?

ಮೂರನೇರೆಕ್ಕೆ

ಎಲಾಸ್ಟಿಕ್ ದಾರ ಹಾಕಿ ಬಿಡಿ ಸರ್. ಎಳೆತವೇ ಇರಲ್ಲ, ತಿರುಚೋ ಪ್ರಶ್ನೆಯೇ ಬರಲ್ಲ. ನಾನು 1:32ರಲ್ಲಿ ಸಾಪ್‌ವಿತ್ ಕ್ಯಾಮಲ್ ವಿಮಾನ ಮಾಡಿದಾಗ ಹಾಗೇ ಮಾಡಿದ್ದು, ಒಂದು ಸಂಜೆಯಲ್ಲಿ ತಂತಿ ಕೆಲಸ ಮುಗೀತು.

ಹಳೇಉಳಿ

1:32ಕ್ಕೆ ನಡೆಯುತ್ತೆ. 1:16ಕ್ಕೆ ನಡೆಯಲ್ಲ, ಕಾರಣ ಹೇಳ್ತೀನಿ. ಎಸ್.ಇ.5ಎ ತಂತಿ ದುಂಡಗಿಲ್ಲ. ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿ ಗಾಳಿಯ ತಡೆ ತಗ್ಗಿಸಲು ಮಾಡಿಕೊಂಡ ಚಪ್ಪಟೆ ಉಕ್ಕಿನ ಪಟ್ಟಿಗಳವು, ಅಡ್ಡ ಕೊಯ್ದರೆ ಮಸೂರದ ಆಕಾರ. ರಾಫ್‌ವೈರ್ ಅಂತಲೇ ಹೆಸರು. ಅಸಲಿಯಲ್ಲಿ 8 ಮಿ.ಮೀ. ಅಗಲ ಇದ್ದರೆ ನಮ್ಮ ಅಳತೆಗೆ ಅರ್ಧ ಮಿ.ಮೀ. ಆಯ್ತು. ಅಷ್ಟು ಅಗಲ ಕಣ್ಣಿಗೆ ಚೆನ್ನಾಗಿ ಕಾಣುತ್ತೆ. ದುಂಡು ದಾರ ಹಾಕಿದರೆ ನೋಡಿದ ತಕ್ಷಣ ಏನೋ ತಪ್ಪಿದೆ ಅನ್ಸುತ್ತೆ.

ಕಡ್ಡಿಕಾಗದ ಅವರೇ, ಬಿಗಿಯಬೇಕಾ ಬೇಡವಾ ಅನ್ನೋದನ್ನ ಮೊದಲ ರಿಬ್ ಕತ್ತರಿಸೋಕೆ ಮುಂಚೆ ತೀರ್ಮಾನಿಸಬೇಕಿತ್ತು. ಪರವಾಗಿಲ್ಲ, ಈಗಲೂ ದಾರಿ ಇದೆ. ಆದರೆ ರೋಗ ಯಾವುದು ಅಂತ ತಿಳಿಯದೆ ಔಷಧಿ ಬೇಡ. ಇದಕ್ಕೆ ಉತ್ತರ ಕೊಡಿ: ಕೆಳಗಿನ ರೆಕ್ಕೆಯೂ ಅಷ್ಟೇ ತಿರುಚಿದೆಯಾ?

ಕಡ್ಡಿಕಾಗದ

ಈಗ ಅಳೆದೆ. ಕೆಳಗಿನದು 1 ಮಿ.ಮೀ., ಮೇಲಿನದು 3.

ಬೆಸುಗೆಕಡ್ಡಿ

ಹಾಗಾದರೆ ಬರೀ ತಂತಿಯ ಕೆಲಸ ಅಲ್ಲ ಇದು. ಸ್ಟ್ರಟ್‌ಗಳು, ಅಂದರೆ ನಡುವಿನ ಕಂಬಗಳು, ಎರಡೂ ರೆಕ್ಕೆಗಳನ್ನು ಕಟ್ಟಿ ಹಿಡಿದಿವೆ ತಾನೆ. ತಂತಿ ಎಳೆದರೆ ಎರಡೂ ಸುಮಾರಾಗಿ ಸಮ ತಿರುಚಬೇಕು. ಮೇಲಿನದು ಮೂರು ಪಟ್ಟು ಅಂದರೆ ಆ ರೆಕ್ಕೆಯೇ ಮೊದಲಿಂದ ಸೊಟ್ಟ ಇದೆ. ಡೋಪ್ ಹೊಡೆದಾಗ ಬೋರ್ಡಿಗೆ ಪಿನ್ ಮಾಡಿ ಒಣಗಿಸಿದ್ದಿರಾ?

ಕಡ್ಡಿಕಾಗದ

ಕೆಳಗಿನದನ್ನು ಪಿನ್ ಮಾಡಿದ್ದೆ. ಮೇಲಿನದನ್ನು ಎರಡನೇ ಕೋಟ್ ಆದಮೇಲೆ ಪಿನ್ ಮಾಡಿದೆ. ಮೊದಲು ಮೇಲ್ಮೈಗೆ ಹೊಡೆದು, ಒಣಗಿಸಿ, ಮಾರನೇ ದಿನ ತಳಕ್ಕೆ.

ಬೆಸುಗೆಕಡ್ಡಿ

ಅಲ್ಲೇ ಆಗಿರೋದು. ಡೋಪ್ ಒಣಗುತ್ತಾ ಕುಗ್ಗುತ್ತೆ, ಅದರ ಕೆಲಸವೇ ಅದು. ಅಸಲಿ ವಿಮಾನದಲ್ಲೂ ಲಿನನ್ ಬಟ್ಟೆ ಬಿಗಿಯಾಗಿ ನಿಲ್ತಿದ್ದದ್ದು ಡೋಪ್ ಕುಗ್ಗೋದ್ರಿಂದಲೇ. ಒಂದು ಮೈ ಕುಗ್ಗಿ ಇನ್ನೊಂದು ಮೈ ಸಡಿಲ ಇದ್ದರೆ ತೆಳು ರೆಕ್ಕೆ ಯಾವ ಕಡೆ ಬೇಕಾದ್ರೂ ತಿರುಗುತ್ತೆ. ಎಸ್.ಇ.5ಎ ರೆಕ್ಕೆಯ ಆಕಾರ ಮೊದಲೇ ತೆಳು, ತಳ ಒಳಗೆ ಬಾಗಿದೆ.

ಹಳೇಉಳಿ

ಬೆಸುಗೆಕಡ್ಡಿ ಹೇಳಿದ್ದು ಅರ್ಧ ಸರಿ, ಕೆಳಗಿನ ರೆಕ್ಕೆಯ 1 ಮಿ.ಮೀ. ಎಲ್ಲಿಂದ ಬಂತು ಅಂತ ಇನ್ನೂ ಹೇಳಿಲ್ಲ. ಅದಕ್ಕೇ ಪರೀಕ್ಷೆ ಮಾಡೋಣ. ಬಲಗಡೆ ತಂತಿ ಎಲ್ಲ ಬಿಚ್ಚಿ. ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮತ್ತೆ ಅಳೆಯಿರಿ. ಉಳಿದದ್ದು ಡೋಪಿನದು, ಹೋದದ್ದು ತಂತಿಯದು.

ಎಡಬಲ ಹೋಲಿಸುವಾಗ ಅಂದಾಜು ಬೇಡ. ನಿಮ್ಮ ರೆಕ್ಕೆಯ ಅಗಲ 95 ಮಿ.ಮೀ. (ಅಸಲಿಯಲ್ಲಿ 5 ಅಡಿ). ಅಷ್ಟು ಅಗಲದಲ್ಲಿ 3 ಮಿ.ಮೀ. ಅಂದರೆ ಹತ್ತಿರ ಹತ್ತಿರ 2 ಡಿಗ್ರಿ. ಎದುರಿನಿಂದ ನೋಡುವವರಿಗೆ 1 ಡಿಗ್ರಿಯೂ ತಿಳಿಯುತ್ತೆ. ರಟ್ಟಿನಲ್ಲಿ ರೆಕ್ಕೆಯ ತಳದ ಆಕಾರಕ್ಕೆ ಒಂದು ಅಚ್ಚು ಕತ್ತರಿಸಿಕೊಳ್ಳಿ, ಪ್ರತಿ ಸ್ಟ್ರಟ್ ಹತ್ತಿರ ಅದನ್ನು ಹಿಡಿದು ಅಳೆಯಿರಿ.

ನೀಲಿಗರಿ

ಅಡ್ಡ ಬಂದಿದ್ದಕ್ಕೆ ಕ್ಷಮಿಸಿ, ಬಣ್ಣ ಯಾವುದು ಹಾಕ್ತೀರಿ? ನೀವು ಹಾಕಿದ ಫೋಟೋದಲ್ಲಿ ಬಾಲದ ಮೇಲೆ ಕಂದು ಬಣ್ಣದ ಪಟ್ಟಿ ಪರೀಕ್ಷೆಗೆ ಹೊಡೆದಂತಿದೆ. ಆಗಿನ ಬ್ರಿಟಿಷ್ ವಿಮಾನಗಳಿಗೆ ಹೊಡೆಯುತ್ತಿದ್ದ ಪಿ.ಸಿ.10 ಬಣ್ಣ ಹಸಿರು. ಕಂದು ಅಲ್ಲವೇ ಅಲ್ಲ.

ಪುಟತಿರುವು

ನೀಲಿಗರಿ, "ಅಲ್ಲವೇ ಅಲ್ಲ" ಅನ್ನೋಕಾಗಲ್ಲ. ಪಿ.ಸಿ.10ರಲ್ಲಿ ಇದ್ದದ್ದು ಹಳದಿ ಓಕರ್ ಮತ್ತು ಸ್ವಲ್ಪ ದೀಪದ ಕಪ್ಪು. ಹಳದಿಗೆ ಕಪ್ಪು ಬೆರೆಸಿದರೆ ಕಣ್ಣಿಗೆ ಹಸಿರು ಛಾಯೆ ಬರುತ್ತೆ, ಅದು ನಿಜ, ನೀವೇ ಬೆರೆಸಿ ನೋಡಿ. ಆದರೆ ಓಕರ್ ಎಷ್ಟು ಕೆಂಪಗಿತ್ತು, ಎಷ್ಟು ಕೋಟ್ ಹೊಡೆದರು, ಬಿಸಿಲಲ್ಲಿ ಎಷ್ಟು ವಾರ ನಿಂತಿತ್ತು ಅನ್ನೋದರ ಮೇಲೆ ಅದು ಆಲಿವ್‌ನಿಂದ ಚಾಕೊಲೇಟ್ ಕಂದಿನವರೆಗೆ ಎಲ್ಲಿ ಬೇಕಾದರೂ ನಿಲ್ಲುತ್ತೆ. ಕಾರ್ಖಾನೆಯಿಂದ ಹೊಸದಾಗಿ ಬಂದ ವಿಮಾನ ಮಾಡ್ತಿದ್ದರೆ ಹಸಿರಿನ ಕಡೆ ವಾಲಿ. ರಣಭೂಮಿಯಲ್ಲಿ ತಿಂಗಳುಗಟ್ಟಲೆ ಹಾರಿದ್ದಾದರೆ ಕಂದಿನ ಕಡೆ.

ನೀಲಿಗರಿ

ಉಳಿದಿರೋ ಬಟ್ಟೆ ತುಂಡುಗಳು ಕಂದು ಕಾಣೋದು ನೂರು ವರ್ಷದ ವಾರ್ನಿಷ್ ಹಳದಿಯಾಗಿರೋದ್ರಿಂದ. ಅವನ್ನು ನೋಡಿ ಬಣ್ಣ ಬೆರೆಸೋದು ತಪ್ಪು ಅನ್ನೋದೇ ನನ್ನ ವಾದ.

ಪುಟತಿರುವು

ಆ ಮಾತು ಒಪ್ಪಿದೆ. ಕಪ್ಪು-ಬಿಳಿ ಫೋಟೋ ನೋಡಿ ಹಸಿರು ಅನ್ನೋದೂ ಅಷ್ಟೇ ತಪ್ಪು. ಆ ಕಾಲದ ಫಿಲ್ಮಿನಲ್ಲಿ ಹಳದಿ, ಕೆಂಪು ಬಣ್ಣಗಳು ಕಪ್ಪಗೆ ಬೀಳುತ್ತಿದ್ದವು, ನೀಲಿ ತೆಳುವಾಗಿ ಬೀಳುತ್ತಿತ್ತು. ಹಾಗಾಗಿ ಬ್ರಿಟಿಷ್ ವಿಮಾನಗಳ ಮೇಲಿನ ವೃತ್ತದ ಗುರುತಿನ ನೀಲಿಯನ್ನೂ ಫೋಟೋದಿಂದ ಆರಿಸಬೇಡಿ.

ಹೊಸಬ_17

ವೃತ್ತದ ಗುರುತು ಯಾಕೆ ಬಂತು? ಬ್ರಿಟನ್ನಿನವರು ತಮ್ಮ ಬಾವುಟವನ್ನೇ ಬರೆಯಬಹುದಿತ್ತಲ್ಲ.

ಪುಟತಿರುವು

ಮೊದಲು ಅದನ್ನೇ ಬರೆದರು, 1914ರಲ್ಲಿ. ದೂರದಿಂದ, ಕೆಳಗಿನಿಂದ ನೋಡಿದರೆ ಬಾವುಟದ ನಡುವಿನ ಕೆಂಪು ಶಿಲುಬೆಯಾಕಾರವೇ ಎದ್ದು ಕಾಣುತ್ತಿತ್ತು, ಜರ್ಮನರ ಶಿಲುಬೆ ಅಂದುಕೊಂಡು ತಮ್ಮವರೇ ಗುಂಡು ಹೊಡೆಯತೊಡಗಿದರು. ಆಗ ಫ್ರೆಂಚರ ವೃತ್ತವನ್ನು ಬಣ್ಣ ತಿರುಗಿಸಿ ಎತ್ತಿಕೊಂಡರು. ಫ್ರೆಂಚರಲ್ಲಿ ನಡುವೆ ನೀಲಿ, ಬ್ರಿಟನ್ನಿನಲ್ಲಿ ನಡುವೆ ಕೆಂಪು.

ಕಡ್ಡಿಕಾಗದ

ಬಣ್ಣದ ಮಾತು ಬಂದದ್ದು ಒಳ್ಳೆಯದೇ ಆಯಿತು. ನಾನು ಮಾಡಬೇಕು ಅಂದುಕೊಂಡಿರುವುದು 40ನೇ ಸ್ಕ್ವಾಡ್ರನ್‌ನಲ್ಲಿ ಇಂದ್ರಲಾಲ್ ರಾಯ್ ಹಾರಿಸಿದಂಥ ವಿಮಾನ. ಇಷ್ಟು ದಿನ ಅವರ ಹೆಸರು ಹೇಳಿರಲಿಲ್ಲ, ಕೆಲಸ ಮುಗಿಯುವ ಮೊದಲು ಹೇಳಲು ಮನಸ್ಸಾಗಿರಲಿಲ್ಲ.

ಪುಟತಿರುವು

ಓಹ್, ಎಂಥ ಒಳ್ಳೆಯ ಆಯ್ಕೆ. 1898ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದವರು. 1917ರ ಅಕ್ಟೋಬರ್‌ನಲ್ಲಿ 56ನೇ ಸ್ಕ್ವಾಡ್ರನ್ ಸೇರಿ, ಡಿಸೆಂಬರ್ 6ರಂದು ಎಸ್.ಇ.5ಎ ನೆಲಕ್ಕಪ್ಪಳಿಸಿ ಗಾಯಗೊಂಡರು. ಚೇತರಿಸಿಕೊಳ್ಳುತ್ತಾ ಇದ್ದ ದಿನಗಳಲ್ಲಿ ಅವರು ವಿಮಾನಗಳ ಚಿತ್ರ ಬರೆಯುತ್ತಿದ್ದರು, ಎಷ್ಟೋ ಚಿತ್ರಗಳು ಇಂದಿಗೂ ಉಳಿದಿವೆ. ವಿಮಾನದ ಗೆರೆಗಳನ್ನು ಕೈಯಾರೆ ಬರೆದು ಪ್ರೀತಿಸಿದವರು ಅನ್ನೋ ಕಾರಣಕ್ಕೇ ನಮ್ಮಂಥವರಿಗೆ ಇನ್ನೂ ಹತ್ತಿರ ಅನ್ಸುತ್ತೆ.

ಮತ್ತೆ ಹಾರಲು ಬಂದದ್ದು 1918ರ ಜೂನ್‌ನಲ್ಲಿ, 40ನೇ ಸ್ಕ್ವಾಡ್ರನ್‌ಗೆ, ಜಾರ್ಜ್ ಮೆಕೆಲ್ರಾಯ್ ಅವರ ತುಕಡಿಗೆ. ಜುಲೈ 6ರಿಂದ 19ರ ಒಳಗೆ ಆಕಾಶದ ಕಾಳಗದಲ್ಲಿ ಹತ್ತು ಗೆಲುವು. ಜುಲೈ 22ರಂದು ಫ್ರಾನ್ಸಿನ ಕಾರ್ವಿನ್ ಮೇಲೆ ಜರ್ಮನರ ಫೋಕರ್ ಡಿ.7 ವಿಮಾನಗಳ ಜೊತೆ ಕಾದಾಡುತ್ತಾ ತೀರಿಹೋದರು. ಆಗ ವಯಸ್ಸು 19. ಡಿ.ಎಫ್.ಸಿ. ಶೌರ್ಯ ಪದಕ ಬಂದದ್ದು ಸತ್ತ ಮೇಲೆ. ಎಸ್ಟೆವೆಲ್ ಊರಿನ ಸ್ಮಶಾನದಲ್ಲಿ ಸಮಾಧಿ ಇದೆ.

ನನ್ನದೊಂದು ಬೇಡಿಕೆ: ಫೋಟೋದಲ್ಲಿ ಕಾಣದ ಅಕ್ಷರ, ಗುರುತು ಯಾವುದನ್ನೂ ಊಹಿಸಿ ಬರೆಯಬೇಡಿ. ಗೊತ್ತಿರುವಷ್ಟೇ ಬರೆದು ಬಿಡಿ.

ಕಡ್ಡಿಕಾಗದ

ಖಂಡಿತ. ಅದೇ ಮನಸ್ಸಿನಲ್ಲಿತ್ತು.

ಸುರುಳಿ

ಅಣ್ಣ, ಪ್ರೊಪೆಲ್ಲರ್ ಬಗ್ಗೆ ಒಂದು ಮಾತು. ನೀವು ಹಾಕಿದ ಮೂರನೇ ಫೋಟೋದಲ್ಲಿ ನಕ್ಷೆ ಕಾಣ್ತಿದೆ. ಅದರಲ್ಲಿ ಪ್ರೊಪೆಲ್ಲರ್ ಅಚ್ಚು (ಅದು ತಿರುಗುವ ದಂಡ) ಮೂಗಿನ ಮೇಲ್ಭಾಗದಲ್ಲಿದೆ, ಅಂದರೆ ಗೇರ್ ಇದ್ದ 200 ಅಶ್ವಶಕ್ತಿಯ ಹಿಸ್ಪಾನೋ ಎಂಜಿನ್. ನೀವು ಮಾಡಿರೋ ಮೂಗು, ರೇಡಿಯೇಟರ್ ನೋಡಿದರೆ ವೂಲ್ಸ್‌ಲಿ ವೈಪರ್ ಎಂಜಿನ್ನಿನದರ ತರ ಇದೆ. ವೈಪರ್‌ಗೆ ಗೇರ್ ಇಲ್ಲ, ಅಚ್ಚು ಕೆಳಗೆ ಬರಬೇಕು. ಇನ್ನೊಂದು, ಗೇರ್ ಇದ್ದಾಗ ಪ್ರೊಪೆಲ್ಲರ್ ಎಂಜಿನ್‌ಗೆ ಉಲ್ಟಾ ತಿರುಗುತ್ತೆ. ಹಾಗಾಗಿ ಎರಡು ಎಂಜಿನ್‌ಗಳ ಪ್ರೊಪೆಲ್ಲರ್‌ಗಳ ಓರೆ ಒಂದಕ್ಕೊಂದು ಎದುರುಬದುರು. ಕೆತ್ತೋಕೆ ಮುಂಚೆ ಯಾವುದು ಅಂತ ಖಚಿತ ಮಾಡಿಕೊಳ್ಳಿ.

ಕಡ್ಡಿಕಾಗದ

ಸುರುಳಿ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಎರಡು ನಕ್ಷೆಗಳನ್ನು ಬೆರೆಸಿಬಿಟ್ಟಿದ್ದೆ. ಪ್ರೊಪೆಲ್ಲರ್‌ಗೆ ಎರಡು ಬಗೆಯ ಮರದ ತೆಳು ಪದರ ಒಂದರ ಮೇಲೊಂದು ಅಂಟಿಸಿ ಇಟ್ಟಿದ್ದೇನೆ, ಇನ್ನೂ ಉಳಿ ಇಟ್ಟಿಲ್ಲ. ವೈಪರ್ ಆಗಿಯೇ ಮುಂದುವರಿಸುತ್ತೇನೆ.

ಮೂರನೇರೆಕ್ಕೆ

ಮೂಗಿನ ಮುಚ್ಚಳ, ಮೆಷಿನ್‌ಗನ್, ಚಕ್ರ ಇವನ್ನೆಲ್ಲ ಕಂಪ್ಯೂಟರಲ್ಲಿ ಬರೆದು 3ಡಿ ಪ್ರಿಂಟ್ ತೆಗೆದರೆ ಇಂಥ ತಪ್ಪು ಆಗೋದೇ ಇಲ್ಲ. ಎರಡು ವಾರದ ಕೆಲಸ ಎರಡು ದಿನದಲ್ಲಿ ಆಗುತ್ತೆ.

ಹಳೇಉಳಿ

ಆಗ ಅದು ಸೊನ್ನೆಯಿಂದ ಕಟ್ಟಿದ್ದು ಅಂತ ಹೇಗಾಗುತ್ತೆ?

ಮೂರನೇರೆಕ್ಕೆ

ಯಾಕಾಗಲ್ಲ? ಆ ಬಿಡಿಭಾಗ ನಾನೇ ಅಳೆದು, ನಾನೇ ಬರೆದಿದ್ದೇನೆ. ನೀವು ಉಳಿ ಹಿಡೀತೀರಿ, ನಾನು ಮೌಸ್ ಹಿಡೀತೀನಿ. ಲೂಯಿಸ್ ಗನ್ನಿಗೆ ಗುಂಡು ತುಂಬುವ ಡ್ರಮ್ಮಿನ ಮೇಲಿನ ಏಣುಗಳನ್ನು ಬರೆಯೋಕೆ ನಾನು ಮೂರು ರಾತ್ರಿ ಕೂತಿದ್ದೇನೆ. ಬೇರೆಯವರು ಬರೆದ ಫೈಲ್ ಇಳಿಸಿಕೊಂಡು ಪ್ರಿಂಟ್ ಒತ್ತಿದರೆ ಆಗ ನಿಮ್ಮ ಮಾತು ಒಪ್ತೀನಿ.

ಬೆಸುಗೆಕಡ್ಡಿ

ಇದರಲ್ಲಿ ನಾನು ಮೂರನೇರೆಕ್ಕೆ ಕಡೆ. ಆಕಾರ ನಿಮ್ಮ ತಲೆಯಿಂದ ಬಂದಿದ್ದರೆ ಅದು ನಿಮ್ಮದು. ಆದರೆ ಸ್ಟ್ರಟ್ ಮಾತ್ರ ರಾಳದಲ್ಲಿ ಪ್ರಿಂಟ್ ಮಾಡಬೇಡಿ, ಕಾಲಕ್ರಮೇಣ ಬಾಗುತ್ತೆ. ಭಾರ ಹೊರೋದೆಲ್ಲ ಹಿತ್ತಾಳೆ, ಬೆಸುಗೆ.

ಹಳೇಉಳಿ

ಸರಿ, ತಾನೇ ಬರೆದದ್ದಾದರೆ ನನ್ನ ತಕರಾರಿಲ್ಲ. ಉಳಿಯ ಕೆಲಸ ಹೊಸಬರಿಗೆ ತಪ್ಪಿಹೋಗಬಾರದು ಅನ್ನೋದಷ್ಟೇ ನನ್ನ ಆಸೆ.

ಹೊಸಬ_17

ಲೂಯಿಸ್ ಗನ್ ಅಂದ್ರಲ್ಲ, ಒಂದು ಗನ್ ಮೂಗಿನ ಮೇಲೆ, ಇನ್ನೊಂದು ಮೇಲಿನ ರೆಕ್ಕೆಯ ಮೇಲೆ ಯಾಕೆ? ಎರಡನ್ನೂ ಮುಂದೆ ಇಡಬಹುದಿತ್ತಲ್ಲ. ಗುಂಡು ಪ್ರೊಪೆಲ್ಲರ್‌ಗೆ ತಾಗದ ಹಾಗೆ ಹೊಡೆಯೋ ಯಂತ್ರ ಆಗಲೇ ಇತ್ತು ಅಂತ ಓದಿದ್ದೇನೆ.

ಸುರುಳಿ

ಇತ್ತು, ಮೂಗಿನ ವಿಕರ್ಸ್ ಗನ್ನಿಗೆ. ಕಾನ್‌ಸ್ಟಾಂಟಿನೆಸ್ಕೋ ಗೇರ್ ಅಂತ, ಎಣ್ಣೆಯ ಒತ್ತಡದ ಅಲೆಯಿಂದ ಕೆಲಸ ಮಾಡೋದು. ಲೂಯಿಸ್‌ಗೆ ಅದು ಹೊಂದಲ್ಲ. ಲೂಯಿಸ್‌ನಲ್ಲಿ ಕುದುರೆ ಒತ್ತುವಾಗ ಬೋಲ್ಟ್ ಹಿಂದೆ ನಿಂತಿರುತ್ತೆ. ಅದು ಮುಂದೆ ಓಡಿ ಬಂದು ಗುಂಡನ್ನು ಒಳಗೆ ತಳ್ಳಿ ಸಿಡಿಸೋಷ್ಟರಲ್ಲಿ ಹೊತ್ತು ಹಿಂದೆಮುಂದೆ ಆಗುತ್ತೆ. ಆ ಲೆಕ್ಕ ತಪ್ಪಿದರೆ ಸ್ವಂತ ಪ್ರೊಪೆಲ್ಲರೇ ತುಂಡು. ಅದಕ್ಕೇ ಪ್ರೊಪೆಲ್ಲರ್ ಸುತ್ತಿಗಿಂತ ಮೇಲೆ, ಫಾಸ್ಟರ್ ಹಳಿಯ ಮೇಲೆ ಇಟ್ಟರು. ಬಾಗಿದ ಹಳಿ ಅದು, ಗನ್ನನ್ನು ಹಿಂದಕ್ಕೆ ಜಾರಿಸಿ ಡ್ರಮ್ ಬದಲಿಸಬಹುದು. ಹಿಂದಕ್ಕೆ ಎಳೆದ ಸ್ಥಿತಿಯಲ್ಲಿ ಮೇಲ್ಮುಖವಾಗಿ ಹೊಡೆಯಲೂಬಹುದು. ಒಂದು ಡ್ರಮ್ಮಿಗೆ 97 ಗುಂಡು.

ಬೆಸುಗೆಕಡ್ಡಿ

ಆ ಹಳಿ ಮಾಡೋದು ಬಲು ಖುಷಿ ಕೊಡೋ ಕೆಲಸ. ಹಿತ್ತಾಳೆ ಪಟ್ಟಿ ಕೆಂಪಗೆ ಕಾಯಿಸಿ, ತಣ್ಣಗಾದ ಮೇಲೆ ಕೊಳವೆಗೆ ಸುತ್ತಿ ಬಾಗಿಸಿ. ಕಾಯಿಸದೆ ಬಾಗಿಸಿದರೆ ಬಾಗಿದ ಕಡೆ ಬಿರುಕು ಬರುತ್ತೆ.

ಕಡ್ಡಿಕಾಗದ

ತಂತಿ ಬಿಚ್ಚಿ ಎರಡು ರಾತ್ರಿ ಬಿಟ್ಟು ಅಳೆದೆ. ಕೆಳಗಿನ ರೆಕ್ಕೆ ನೆಟ್ಟಗಾಗಿದೆ. ಮೇಲಿನದರಲ್ಲಿ 2 ಮಿ.ಮೀ. ಹಾಗೇ ಉಳಿದಿದೆ.

ಹಳೇಉಳಿ

ಅಂದರೆ 2 ಡೋಪಿನದು, 1 ತಂತಿಯದು. ಇಬ್ಬರ ಮಾತೂ ಸರಿಯಾಯ್ತು.

ಮೊದಲು ತಂತಿಯದ್ದು ಮುಗಿಸೋಣ. ಬೈಪ್ಲೇನಿನಲ್ಲಿ ತಂತಿಯೂ ಮೈಯ ಒಂದು ಅಂಗ. ದೇಹದ ಬುಡದಿಂದ ಹೊರಟು ಮೇಲಿನ ರೆಕ್ಕೆಯ ಸ್ಟ್ರಟ್ ತಲೆಗೆ ಹೋಗೋದು ಫ್ಲೈಯಿಂಗ್ ವೈರ್. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚದಂತೆ ಹಿಡಿಯೋದು ಅದು. ನಡುವಿನ ಮೇಲ್ಭಾಗದಿಂದ ಸ್ಟ್ರಟ್ ಬುಡಕ್ಕೆ ಇಳಿಯೋದು ಲ್ಯಾಂಡಿಂಗ್ ವೈರ್. ನೆಲದ ಮೇಲಿರುವಾಗ ರೆಕ್ಕೆಯ ಭಾರ ಹೊರೋದು ಅದು. ಎರಡೂ ಮುಂದಿನ ಸ್ಪಾರ್‌ಗೆ ಒಂದು, ಹಿಂದಿನ ಸ್ಪಾರ್‌ಗೆ ಒಂದು ಇರುತ್ತೆ. ಮುಂದಿನದೂ ಹಿಂದಿನದೂ ಸಮ ಬಿಗಿ ಇಲ್ಲದಿದ್ದರೆ ರೆಕ್ಕೆ ತಿರುಚಲೇಬೇಕು.

ನಿಮ್ಮದು ಹಿಂದಿನ ಅಂಚು ಎದ್ದಿದೆ. ಅದಕ್ಕೆ ಎರಡೇ ಕಾರಣ. ಹಿಂದಿನ ಲ್ಯಾಂಡಿಂಗ್ ವೈರ್ ಹೆಚ್ಚು ಬಿಗಿ, ಅದು ಹಿಂದನ್ನು ಎತ್ತಿದೆ. ಇಲ್ಲವೇ ಮುಂದಿನ ಫ್ಲೈಯಿಂಗ್ ವೈರ್ ಹೆಚ್ಚು ಬಿಗಿ, ಅದು ಮುಂದನ್ನು ಕೆಳಗೆಳೆದಿದೆ. ಯಾವುದನ್ನು ಮೊದಲು ಕಟ್ಟಿದಿರಿ?

ಕಡ್ಡಿಕಾಗದ

ಹಿಂದಿನ ಲ್ಯಾಂಡಿಂಗ್ ವೈರ್. ಕೈ ತಲುಪಲು ಸುಲಭ ಅಂತ ಅದನ್ನೇ ಮೊದಲು ಪೂರ್ತಿ ಬಿಗಿದೆ.

ಹಳೇಉಳಿ

ಸಿಕ್ತು. ಮುಂದಿನ ಸಲ ದೇಹದಿಂದ ಮೇಲಿನ ರೆಕ್ಕೆಗೆ ಹೋಗುವ ನಡುವಿನ ಕ್ಯಾಬೇನ್ ಸ್ಟ್ರಟ್‌ಗಳ ತಂತಿಯಿಂದ ಶುರು ಮಾಡಿ, ಅದು ನೆಟ್ಟಗಾಗದೆ ಹೊರಗೆ ಹೋಗಲೇಬೇಡಿ. ಆಮೇಲೆ ಎಡಬಲ ಎರಡೂ ಕಡೆಯ ಲ್ಯಾಂಡಿಂಗ್ ವೈರ್ ಸ್ವಲ್ಪ ಸ್ವಲ್ಪವೇ, ಮುಂದು ಹಿಂದು ಸಮವಾಗಿ, ರೆಕ್ಕೆಗೆ ತುದಿಯ ಕಡೆ 5 ಡಿಗ್ರಿ ಮೇಲೇರಿಕೆ ಬರುವವರೆಗೆ. ಆಮೇಲೆ ಫ್ಲೈಯಿಂಗ್ ವೈರ್. ಹಿಂದೆ-ಮುಂದಿನ ಸ್ಟ್ರಟ್ ನಡುವಿನ ಅಡ್ಡ ತಂತಿ ಕಟ್ಟಕಡೆಗೆ. ಪ್ರತಿ ಸುತ್ತಿಗೂ ರಟ್ಟಿನ ಅಚ್ಚು ಹಿಡಿದು ನೋಡಿ. ಅಸಲಿ ವಿಮಾನದ ತಂತಿ ಹೊಂದಿಸುತ್ತಿದ್ದ ರಿಗ್ಗರ್‌ಗಳೂ ಹೀಗೇ, ಬಿಗಿದು ಅಳೆದು, ಬಿಗಿದು ಅಳೆದು ಮಾಡುತ್ತಿದ್ದದ್ದು.

ಪುಟತಿರುವು

ಹಳೇಉಳಿ ಅವರ ಮಾತಿಗೆ ಒಂದು ಸೇರಿಸ್ತೀನಿ. ಈ ವಿಮಾನದ ಮೊದಲ ಮಾದರಿ 1916ರ ನವೆಂಬರ್ 22ರಂದು ಹಾರಿತು. ಎರಡು ತಿಂಗಳು ಕಳೆದು, 1917ರ ಜನವರಿ 28ರಂದು ಎರಡನೇ ಮಾದರಿಯ ರೆಕ್ಕೆ ಗಾಳಿಯಲ್ಲೇ ಮುರಿದು ಫ್ರಾಂಕ್ ಗುಡನ್ ತೀರಿಹೋದರು. ಅದನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಆಮೇಲೆ ರೆಕ್ಕೆಯ ಒಳಗನ್ನು ಗಟ್ಟಿ ಮಾಡಿದರು, ತುದಿಗಳನ್ನೂ ಮೊಟಕು ಮಾಡಿದರು. ಕೊನೆಗೆ 5,000ಕ್ಕೂ ಹೆಚ್ಚು ವಿಮಾನ ತಯಾರಾದವು, ಕಡಿದಾಗಿ ಕೆಳಕ್ಕೆ ಧುಮುಕಿದರೂ ಮುರಿಯದ ವಿಮಾನ ಅಂತ ಹೆಸರು ಬಂತು. ನಾವು ಅಂಟಿಸುವ ಸ್ಟ್ರಟ್ ಬುಡದ ಹಿಂದೆ ಇದೆಲ್ಲ ಇದೆ.

ಬೆಸುಗೆಕಡ್ಡಿ

ಈಗ ಡೋಪಿನ 2 ಮಿ.ಮೀ. ರೆಕ್ಕೆ ಬಿಚ್ಚಲೇಬೇಕು. ಅಂಟು ಕರಗಲಿ ಅಂತ ಅಸಿಟೋನ್ ಮಾತ್ರ ಮುಟ್ಟಿಸಬೇಡಿ, ಸೂಪರ್ ಗ್ಲೂ ಜೊತೆಗೆ ಡೋಪೂ ಕರಗಿ ಟಿಶ್ಯೂ ಕೈಗೆ ಬರುತ್ತೆ. ಸ್ಟ್ರಟ್ ತಲೆಯ ಪಿನ್‌ಗಳನ್ನು ತೆಳು ಗರಗಸದ ಅಲಗಿನಲ್ಲಿ ಒಂದೊಂದಾಗಿ ಕೊಯ್ಯಿರಿ. ಮತ್ತೆ ಕೂರಿಸುವಾಗ ಸ್ಪಾರ್‌ನಲ್ಲಿ ಸಣ್ಣ ಕೊಳವೆ ಹೂತು, ಸ್ಟ್ರಟ್ ಪಿನ್ ಅದರೊಳಗೆ ಜಾರುವಂತೆ ಮಾಡಿ. ಎಷ್ಟು ಸಲ ಬೇಕಾದರೂ ತೆಗೆದು ಹಾಕಬಹುದು.

ಬಿಚ್ಚಿದ ಮೇಲೆ ಕುದಿಯುವ ನೀರಿನ ಹಬೆಗೆ ಆ ಭಾಗ ಹಿಡಿಯಿರಿ, ಮುಟ್ಟಿದರೆ ಬಿಸಿ ಅನ್ನಿಸುವಷ್ಟು. ಕೈಯಲ್ಲಿ ಉಲ್ಟಾ ತಿರುಚಿ, ಮುಂದಿನ ಅಂಚಿನ ತುದಿ ಕೆಳಗೆ ಪಟ್ಟಿ ಕೊಟ್ಟು ಬೋರ್ಡಿಗೆ ಪಿನ್ ಮಾಡಿ. 2 ಬೇಕಾದರೆ 4 ಮಿ.ಮೀ. ಪಟ್ಟಿ ಕೊಡಿ, ಅರ್ಧ ವಾಪಸ್ ಬರುತ್ತೆ.

ನೀಲಿಗರಿ

ಟಿಶ್ಯೂ ಹಬೆಗೆ ಸಡಿಲಾದರೆ ಗಾಬರಿ ಬೇಡ, ಒಣಗಿದ ಮೇಲೆ ಬಿಗಿಯಾಗುತ್ತೆ. ಬಟ್ಟೆಯ ನೇಯ್ಗೆ ಕಾಣಲಿ ಅಂತ ಲಿನನ್ ಅಂಟಿಸೋ ಯೋಚನೆ ಯಾರಿಗಾದರೂ ಬಂದರೆ ಬಿಡಿ. ಅಸಲಿ ಬಟ್ಟೆಯಲ್ಲಿ ಅಂಗುಲಕ್ಕೆ ನೂರು ಎಳೆ ಅಂದುಕೊಂಡರೂ ನಮ್ಮ ಅಳತೆಯಲ್ಲಿ 1,600 ಎಳೆ ಆಗಬೇಕು. ಕಾಗದದ ನುಣುಪೇ ಸರಿಯಾದ ನೋಟ. ರಿಬ್ ಮೇಲಿನ ಪಟ್ಟಿ ಮಾತ್ರ ಮರೆಯಬೇಡಿ, ಅದನ್ನೂ ಟಿಶ್ಯೂನಲ್ಲೇ ಕತ್ತರಿಸಿ.

ಹೊಸಬ_17

ಚಪ್ಪಟೆ ತಂತಿ ಹೇಗೆ ಮಾಡೋದು ಅಂತ ಯಾರೂ ಹೇಳಲಿಲ್ಲ.

ಹಳೇಉಳಿ

0.3 ಮಿ.ಮೀ. ನಿಕ್ಕಲ್-ಸಿಲ್ವರ್ ತಂತಿ ತಗೊಂಡು ಮೊದಲು ಎರಡು ತುದಿ ಹಿಡಿದು ಎಳೆದು ನೆಟ್ಟಗೆ ಮಾಡಿ. ದಪ್ಪ ಉಕ್ಕಿನ ತಟ್ಟೆಯ ಮೇಲಿಟ್ಟು, ಉಕ್ಕಿನ ಉರುಳೆಯಿಂದ ಒಂದೇ ದಿಕ್ಕಿಗೆ ಒತ್ತಿ ಉರುಳಿಸಿ. ನಾಲ್ಕೈದು ಸಲಕ್ಕೆ ಚಪ್ಪಟೆಯಾಗುತ್ತೆ. ಎರಡು ತುದಿ ದುಂಡಗೇ ಬಿಡಿ, ಅಸಲಿಯಲ್ಲೂ ತುದಿ ದುಂಡು, ಅಲ್ಲಿ ತಿರುಪು ಇರುತ್ತೆ. ಕಟ್ಟುವಾಗ ಚಪ್ಪಟೆ ಮೈ ಗಾಳಿಯ ದಿಕ್ಕಿಗೆ ಹೊಂದಿರಬೇಕು, ಅಂದರೆ ಎದುರಿನಿಂದ ನೋಡಿದರೆ ತಂತಿ ಕೂದಲಿನಂತೆ ತೆಳು, ಪಕ್ಕದಿಂದ ನೋಡಿದರೆ ಅಗಲ.

ಸುರುಳಿ

ಇಂಗ್ಲೆಂಡಿನ ಓಲ್ಡ್ ವಾರ್ಡನ್‌ನಲ್ಲಿ ಶಟಲ್‌ವರ್ತ್ ಸಂಗ್ರಹದವರು ಎಫ್904 ಅನ್ನೋ ಅಸಲಿ ಎಸ್.ಇ.5ಎ ಇಟ್ಟುಕೊಂಡಿದ್ದಾರೆ, ಹಾರಿಸುತ್ತಾರೆ. ಅದರ ಹತ್ತಿರದ ಫೋಟೋಗಳಲ್ಲಿ ತಂತಿಯ ಈ ತೆಳು-ಅಗಲ ಚೆನ್ನಾಗಿ ಕಾಣುತ್ತೆ. ತುದಿಯ ತಿರುಪು, ತಂತಿ ದಾಟುವಲ್ಲಿ ಉಜ್ಜದಂತೆ ಇಟ್ಟ ಸಣ್ಣ ಮರದ ತುಂಡು ಎಲ್ಲ ಗಮನಿಸಿ.

ಕಡ್ಡಿಕಾಗದ

ಹದಿನಾರು ದಿನ ಆಯಿತು, ಸುದ್ದಿ ಹೇಳುತ್ತೇನೆ.

ಪಿನ್ ಕೊಯ್ದು ಮೇಲಿನ ರೆಕ್ಕೆ ಬಿಚ್ಚಿದೆ. ಹಿಂದಿನ ಎಡ ಪಿನ್ ಹತ್ತಿರ ಟಿಶ್ಯೂ ಬೆರಳಗಲ ಹರಿಯಿತು, ತೇಪೆ ಹಾಕಿದೆ. ಹಬೆ ಹಿಡಿದು, 4 ಮಿ.ಮೀ. ಪಟ್ಟಿ ಕೊಟ್ಟು ಎರಡು ದಿನ ಬೋರ್ಡಿನ ಮೇಲೆ ಬಿಟ್ಟೆ. ಪಿನ್ ತೆಗೆದಾಗ ಅರ್ಧ ಮಿ.ಮೀ. ಉಳಿದಿತ್ತು. ಇನ್ನೊಂದು ಸಲ ಹಬೆ. ಈಗ ಅಳೆಯಲು ಸಿಗುತ್ತಿಲ್ಲ.

ಕ್ಯಾಬೇನ್ ಸ್ಟ್ರಟ್ ನಾಲ್ಕನ್ನೂ ಹಿತ್ತಾಳೆಯಲ್ಲಿ ಹೊಸದಾಗಿ ಮಾಡಿ, ಅಲುಗದಂತೆ ಹಿಡಿಯುವ ಜಿಗ್‌ನಲ್ಲಿಟ್ಟು ಬೆಸೆದೆ. ಸ್ಪಾರ್‌ಗೆ ಕೊಳವೆ ಹೂತೆ. ರೆಕ್ಕೆ ಈಗ ಅಂಟಿಲ್ಲದೆ ಕೂರುತ್ತದೆ, ಅಲುಗುವುದಿಲ್ಲ. ನಡುವಿನ ತಂತಿ ಮುಗಿಯಿತು, ಎರಡೂ ಕಡೆಯ ಲ್ಯಾಂಡಿಂಗ್ ವೈರ್ ಮುಗಿಯಿತು, ಎರಡು ತುದಿಗಳೂ ಒಂದೇ ಎತ್ತರಕ್ಕೆ ಬಂದಿವೆ. ನಿನ್ನೆ ರಾತ್ರಿ ಮೊದಲ ಚಪ್ಪಟೆ ಫ್ಲೈಯಿಂಗ್ ವೈರ್ ಹಾಕಿದೆ. ದೀಪದ ಬೆಳಕು ಅದರ ಅಂಚಿನ ಮೇಲೆ ಬಿದ್ದು ಗೆರೆ ಎಳೆದ ಹಾಗೆ ಹೊಳೆಯಿತು. ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಹಳೇಉಳಿ

ಎದುರಿನಿಂದ, ಕಣ್ಣಿನ ಮಟ್ಟದಿಂದ ತೆಗೆದ ಫೋಟೋ ಹಾಕಿ. ಎಡಬಲದ ಸ್ಟ್ರಟ್‌ಗಳನ್ನು ಹೋಲಿಸಿ ನೋಡಬೇಕು.

ಕಡ್ಡಿಕಾಗದ

ಹಾಕಿದ್ದೇನೆ. ಬಲಗಡೆಯ ಹಿಂದಿನ ಫ್ಲೈಯಿಂಗ್ ವೈರ್ ಇನ್ನೂ ಕಟ್ಟಿಲ್ಲ, ಅದನ್ನು ಬಿಟ್ಟು ನೋಡಿ.